ಕೆಂಪು ಕಣ್ಣಿನ ಭಕ್ತೆ

ಹೆಡ್‌ಮೇಷ್ಟ್ರ ತಲೆಯನ್ನು ಎರಡೂ ಅಂಗೈಗಳಲ್ಲಿ ಎತ್ತಿ ಹಿಡಿದು, ಈಜುಕೊಳದ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಾಗಲೂ ಇವಳಿಗೆ ಸಂಜೆಯದೇ ಯೋಚನೆ. ಮೇಷ್ಟ್ರು ಅಂಗಾತ ಮಲಗಿದ್ದರು. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಗಲ್ಲ ಗಡಗಡ ನಡುಗುತ್ತಿತ್ತು, ಕಾಲುಗಳೆರಡೂ ಯಾರೋ ಕೆಳಗಿಂದ ಜಗ್ಗುತ್ತಿರುವಂತೆ ತಳಕ್ಕೆ ಇಳಿಯುತ್ತಿದ್ದವು. "ಸಡಿಲ ಬಿಡಿ ಮೇಷ್ಟ್ರೇ, ನೀರೇ ನಿಮ್ಮನ್ನ ಹೊತ್ಕೊಳ್ಳತ್ತೆ" ಎಂದು ದಿನವೂ ಹೇಳುವ ಮಾತನ್ನು ಇವಳ ಬಾಯಿ ಇವತ್ತೂ ತನ್ನಷ್ಟಕ್ಕೆ ಹೇಳಿತು. ಹೇಳಿದ ಮೇಲೆ ನಾಚಿಕೆಯಾಯಿತು. ಈಚೆಗೆ ಎಲ್ಲವೂ ಹೀಗೇ ಆಗಿಬಿಟ್ಟಿದೆ. ಬಾಯಿ ಒಂದು ಊರಿನಲ್ಲಿ, ತಾನು ಇನ್ನೊಂದು ಊರಿನಲ್ಲಿ. ಸಂಜೆ ಓರಗಿತ್ತಿಯ ಮನೆಯಲ್ಲಿ, ಅಂದರೆ ತಮ್ಮದೇ ಮನೆಯ ಮಹಡಿಯಲ್ಲಿ, ವಾರದ ಭಜನೆ. ಭಜನೆ ಮುಗಿದ ಮೇಲೆ ಇವಳು ನಾಲ್ಕು ಮಾತಾಡಬೇಕು. ದಿನವೂ ಜಪಕ್ಕೆ ಕೂರುವ ಉತ್ಸಾಹವನ್ನು ಬತ್ತದ ಹಾಗೆ ಉಳಿಸಿಕೊಳ್ಳುವುದು ಹೇಗೆ ಎಂದು ಹೊಸದಾಗಿ ಸೇರಿದವರಿಗೆ ಹೇಳಿಕೊಡಬೇಕು. ಇವಳು! ಮಾಲೆಯನ್ನು ಮುಟ್ಟಿ ತಿಂಗಳ ಮೇಲಾದ ಇವಳು. ಮೇಷ್ಟ್ರ ಮೂಗಿಗೆ ನೀರು ನುಗ್ಗಿತು. ಅವರು ಕೈಕಾಲು ಬಡಿದು, ಕೆಮ್ಮಿ, ಇವಳ ಭುಜ ಹಿಡಿದು ಎದ್ದು ನಿಂತು, ಬಾಯ್ತುಂಬ ನಕ್ಕರು. "ಮುಳುಗಿದೆ ಅಲ್ವಾ?" ಎಂದು ಏನೋ ಬಹುಮಾನ ಬಂದವರಂತೆ ಕೇಳಿದರು. "ಮುಳುಗಿದ್ರಿ" ಎಂದಳು ಇವಳು. ತಪ್ಪು ಇವಳದೇ, ಯೋಚನೆಯಲ್ಲಿ ಕೈ ಸಡಿಲಿಸಿದ್ದಳು. ಅದನ್ನು ಹೇಳಲಿಲ್ಲ.

ನಿನ್ನೆ ಮೆಟ್ಟಿಲ ಮೇಲೆ ನಿಂತು ಓರಗಿತ್ತಿ ಹೇಳಿದ ರೀತಿಯೇ ಹಾಗಿತ್ತು, ಇಲ್ಲ ಎನ್ನಲು ಜಾಗವೇ ಇರಲಿಲ್ಲ. ಓರಗಿತ್ತಿಯನ್ನು ಇವಳು ಅಕ್ಕ ಎನ್ನುತ್ತಾಳೆ. ಮದುವೆಯಾಗಿ ಬಂದ ದಿನದಿಂದಲೂ ಹಾಗೇ. ಅಕ್ಕ ದಪ್ಪನೆಯ ಹೆಂಗಸು, ಮೆಟ್ಟಿಲಿಳಿದರೆ ಇಡೀ ಮನೆಗೆ ಗೊತ್ತಾಗುತ್ತದೆ. "ನಾಳೆ ನೀನೇ ಮಾತಾಡ್ಬೇಕು ಕಣೇ. ನನಗೆ ಮಾತು ಬರಲ್ಲ, ಬರೀ ಅಳು ಬರತ್ತೆ. ನಿನಗಾದ್ರೆ ಅಳುವೂ ಬರತ್ತೆ, ಮಾತೂ ಬರತ್ತೆ" ಎಂದಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇವಳ ಕೈ ತಾನಾಗಿ ಕಣ್ಣಿನ ಹತ್ತಿರ ಹೋಗಿತ್ತು. ಅಕ್ಕ ಅದನ್ನೂ ವಿನಯ ಎಂದುಕೊಂಡಳು. "ಇವಳು ನೋಡಿ, ಹೊಗಳಿದ್ರೆ ಸಾಕು, ಕಣ್ಣಲ್ಲಿ ನೀರು" ಎಂದು ಮಹಡಿಯ ಕಡೆ ತಿರುಗಿ ಯಾರಿಗೋ ಹೇಳಿದಳು. ಮಹಡಿಯಲ್ಲಿ ಅತ್ತೆಯ ಹೊರತು ಯಾರೂ ಇರಲಿಲ್ಲ.

ಆ ಕಣ್ಣೀರಿನ ಕತೆಯನ್ನು ನೆನೆದಾಗಲೆಲ್ಲ ಇವಳಿಗೆ ಬಟ್ಟೆ ಬದಲಿಸುವಾಗ ಯಾರೋ ಬಾಗಿಲು ತೆಗೆದಂತಾಗುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೊಳದಲ್ಲಿ ನಿಂತು ದೊಡ್ಡವರಿಗೆ ಈಜು ಕಲಿಸುವುದು ಇವಳ ಕೆಲಸ. ಗಾಜಿನ ಮಾಡಿನ ಕೆಳಗೆ ನೀಲಿ ಟೈಲ್ಸು, ನೀಲಿ ನೀರು, ಮಾತಾಡಿದ್ದನ್ನೆಲ್ಲ ಎರಡು ಸಲ ಹೇಳುವ ಗೋಡೆಗಳು. ಮನೆಗೆ ಬಂದು ಎಷ್ಟು ಸೋಪು ಉಜ್ಜಿದರೂ ಮೈಯಿಂದ ಹೋಗದ ಕ್ಲೋರಿನ್ ವಾಸನೆ. ಒಂದು ದಿನ ನೀರಿಗೆ ಕ್ಲೋರಿನ್ ಸುರಿಯುವವನು ಯಾವ ಲೋಕದಲ್ಲಿದ್ದನೋ, ಕೈ ತಪ್ಪಿ ಹೆಚ್ಚು ಸುರಿದುಬಿಟ್ಟ. ಅವತ್ತೇ ಸಂಜೆ ಭಜನೆ. ಇವಳು ಉರಿಯುವ ಕಣ್ಣನ್ನು ಮುಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ತಾಳ ಹಾಕುವ ಶಕ್ತಿಯೂ ಇರಲಿಲ್ಲ. ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಹಾಡು ನಿಂತದ್ದು ಗೊತ್ತಾಗಿ ಕಣ್ಣು ಬಿಟ್ಟರೆ ಕೋಣೆಯ ಅಷ್ಟೂ ಮುಖ ತನ್ನ ಕಡೆ. ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, "ನೋಡಿ, ಭಕ್ತಿ ಅಂದ್ರೆ ಇದು. ನಾವೆಲ್ಲ ಹಾಡ್ತೀವಿ, ಇವಳು ಕರಗ್ತಾಳೆ" ಎಂದಿದ್ದಳು. ಆಗ ಒಂದು ಕ್ಷಣ ಸಿಕ್ಕಿತ್ತು. ಇಲ್ಲ ಅಕ್ಕ, ಇದು ಕ್ಲೋರಿನ್, ಎನ್ನಬಹುದಾದ ಒಂದು ಕ್ಷಣ. ಇವಳು ಆ ಕ್ಷಣದಲ್ಲಿ ತಲೆ ತಗ್ಗಿಸಿದಳು. ತಲೆ ತಗ್ಗಿಸಿದ್ದು ಇನ್ನೂ ಚೆನ್ನಾಗಿ ಕಂಡಿತು.

ಮೊದಲು ಹೀಗಿರಲಿಲ್ಲ ಎಂಬುದೇ ಇವಳ ಸಂಕಟ. ಮೊದಮೊದಲು ನಿಜವಾಗಿ ಸಿಹಿಯಿತ್ತು. ಅಕ್ಕ ಕರೆದಳೆಂದು ಹೋಗಿ ಕೂತವಳು, ಎರಡನೆಯ ವಾರ ಕರೆಯದೆ ಹೋದಳು. ಮಾಲೆ ತಂದಳು, ಅದಕ್ಕೊಂದು ಚೀಲ ಹೊಲಿದಳು, ಅಡುಗೆಮನೆಯ ಪಕ್ಕದ ಪುಟ್ಟ ದೇವರಗೂಡಿನ ಮುಂದೆ ಬೆಳಗಿನ ಜಾವ ಎದ್ದು ದೀಪ ಹಚ್ಚಿ ಕೃಷ್ಣನ ಹೆಸರು ಹೇಳುತ್ತ ಕೂತಳು. ಕೊಳದಲ್ಲಿ ಕೈ ಬೀಸುವಾಗ ಹೆಸರು, ಬಸ್ಸಿಗೆ ಕಾಯುವಾಗ ಹೆಸರು, ಪಾತ್ರೆ ತೊಳೆಯುವಾಗ ಹೆಸರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ ಎಂದು ಗಂಡ ತಮಾಷೆ ಮಾಡಿದ್ದ. ಇವಳು ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಯಾವತ್ತು ಎಂದು ಹೇಳುವಂತಿಲ್ಲ, ಸಿಹಿ ಜಾರಿತು. ಹೆಸರು ಹೆಸರಾಗಿಯೇ ಉಳಿಯಿತು, ಅದರೊಳಗೆ ಯಾರೂ ಇರಲಿಲ್ಲ. ಮಾಲೆಯ ಮಣಿ ಜಾರುತ್ತಿದ್ದರೆ ತಲೆಯೊಳಗೆ ಗೀಸರ್ ಆಫ್ ಮಾಡಿದೆನೇ, ಟವೆಲು ಒಣಗಿತೇ, ಆ ಎರಡನೇ ಬ್ಯಾಚಿನ ಹೆಂಗಸು ತನ್ನನ್ನು ಕಂಡು ಯಾಕೆ ಮುಖ ತಿರುಗಿಸಿದಳು. ತನ್ನನ್ನು ತಾನು ಬೈದುಕೊಂಡಳು. ಹೆಚ್ಚು ಹೊತ್ತು ಕೂತಳು. ಹೆಚ್ಚು ಹೊತ್ತು ಕೂತಷ್ಟೂ ಹೆಚ್ಚು ಹೊತ್ತು ಟವೆಲಿನ ಯೋಚನೆ ಬಂತು, ಅಷ್ಟೇ. ಆಮೇಲೆ ಸುಮ್ಮನೆ ದೀಪ ಹಚ್ಚಿ ಗೋಡೆ ನೋಡುತ್ತ ಕೂರತೊಡಗಿದಳು. ಮನೆಯವರಿಗೆ ಬೆನ್ನು ಕಾಣುತ್ತಿತ್ತು. ಬೆನ್ನನ್ನು ನೋಡಿದರೆ ಜಪ ಮಾಡುವವಳ ಬೆನ್ನಿಗೂ ಮಾಡದವಳ ಬೆನ್ನಿಗೂ ವ್ಯತ್ಯಾಸವೇನು? ಆದರೂ ಕೆಲವು ಸಲ ಬೆನ್ನು ಚುರುಗುಟ್ಟುತ್ತಿತ್ತು, ಗೂಡಿನೊಳಗಿನ ಅಂಗೈಯಗಲದ ಹಿತ್ತಾಳೆ ಕೃಷ್ಣ ಎದ್ದು ಹಿಂದೆ ಬಂದು ನಿಂತು ನೋಡುತ್ತಿರುವ ಹಾಗೆ.

"ಟೀಚರಮ್ಮ, ಇನ್ನೊಂದು ಸಲ" ಎಂದರು ಮೇಷ್ಟ್ರು. ಮತ್ತೆ ಅಂಗೈ, ಮತ್ತೆ ಬಿಳಿ ಕೂದಲಿನ ತಲೆ, ಮತ್ತೆ ನಡುಗುವ ಗಲ್ಲ. ಮೇಷ್ಟ್ರು ರಿಟೈರಾಗಿ ಕೊಳಕ್ಕೆ ಸೇರಿ ವರ್ಷವಾಗುತ್ತ ಬಂದಿತ್ತು. ಅವರ ಜೊತೆ ಸೇರಿದವರೆಲ್ಲ ಈಗ ಆಳದ ಕಡೆ ಈಜುತ್ತಿದ್ದರು. ಅವರ ನಂತರ ಬಂದವರೂ ಈಜುತ್ತಿದ್ದರು. ಇವರಿಗೆ ತೇಲುವುದೇ ಬರಲಿಲ್ಲ. ಇವಳು ಕೈ ತೆಗೆದರೆ ಕಲ್ಲು ಹಾಕಿದ ಹಾಗೆ ಮುಳುಗುತ್ತಿದ್ದರು. ಬೇರೆ ಬೇರೆ ಉಪಾಯ ಮಾಡಿ ನೋಡಿದ್ದಾಳೆ: ಹಲಗೆ ಕೊಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ, ಗದರಿಸಿ, ಪುಸಲಾಯಿಸಿ. ಈಜು ಕಲಿಸುವವಳಿಗೆ ಇದೊಂದು ಅವಮಾನ. ಬೇರೆ ಕೋಚುಗಳು ಕಾಫಿ ಕುಡಿಯುವಾಗ, "ನಿಮ್ಮ ಮೇಷ್ಟ್ರು ಪಾಸಾದ್ರಾ?" ಎಂದು ಕೇಳಿ ನಗುತ್ತಾರೆ. ಇವತ್ತು ಮೇಷ್ಟ್ರಿಗೆ ಇದನ್ನು ಹೇಳಿಬಿಡಬೇಕು ಎಂದು ಇವಳು ನಿರ್ಧರಿಸಿಕೊಂಡೇ ಬಂದಿದ್ದಳು. ಯಾಕೋ ಸಂಜೆಗೆ ಮುಂಚೆ ಒಂದಾದರೂ ನಿಜ ಹೇಳಬೇಕು ಎನಿಸಿತ್ತು.

ಕೊಳದ ಮೆಟ್ಟಿಲ ಮೇಲೆ ಕೂತು ಇಬ್ಬರೂ ಟವೆಲು ಹೊದ್ದುಕೊಂಡಾಗ ಇವಳು ಶುರುಮಾಡಿದಳು. "ಮೇಷ್ಟ್ರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ."

"ನನಗೆ ಈಜು ಬರಲ್ಲ ಅಂತ ತಾನೇ?" ಎಂದರು ಮೇಷ್ಟ್ರು ಕಿವಿಯೊಳಗಿನ ನೀರನ್ನು ಕಿರುಬೆರಳಿಂದ ತೆಗೆಯುತ್ತ.

ಇವಳು ತಬ್ಬಿಬ್ಬಾದಳು. "ಹಾಗಲ್ಲ... ಇಷ್ಟು ದಿನ ಆದ್ರೂ ಒಂಚೂರೂ ಮುಂದೆ ಹೋಗ್ಲಿಲ್ವಲ್ಲ. ನಿಮಗೆ ಬೇಸರ ಆಗಲ್ವಾ?"

"ಆಗತ್ತೆ. ಚಳಿ ಇದ್ದ ದಿನ ತುಂಬಾ ಆಗತ್ತೆ. ನಮ್ಮನೆಯವಳು ಬೈತಾಳೆ, ಈ ವಯಸ್ಸಲ್ಲಿ ನೀರಾಟ ಏನು ಅಂತ. ಬರ್ತಾ ಬಸ್ಸಲ್ಲಿ ವಾಪಸ್ ಹೋಗ್ಬಿಡ್ಲಾ ಅನ್ಸತ್ತೆ."

"ಮತ್ತೆ ಯಾಕೆ ಬರ್ತೀರಿ?"

ಮೇಷ್ಟ್ರು ನೀರಿನ ಕಡೆ ತಿರುಗಿದರು. ಆಳದ ಕಡೆ ಯಾರೋ ಧುಮುಕಿದರು. ಬೆಳಕು ಚೂರುಚೂರಾಗಿ ಮಾಡಿನ ಗಾಜಿಗೆ ಬಡಿದು ತಿರುಗಿ ಬಂತು. "ಟೀಚರಮ್ಮ, ಜೀವಮಾನ ಎಲ್ಲ ಪಾಸು ಫೇಲು ಅಂತ ಮಕ್ಕಳ ಪ್ರಾಣ ತಿಂದೆ ನಾನು. ಮನೇಲೂ ಅದೇ. ಎಲ್ಲದರಲ್ಲೂ ಸರಿಯಾಗಿರ್ಬೇಕು, ಎಲ್ಲರೂ ಸರಿಯಾಗಿರ್ಬೇಕು. ಇಲ್ಲಿ ನೀರಿಗೆ ಇಳಿದರೆ ಮೊದಲ ನಿಮಿಷಕ್ಕೇ ಫೇಲ್! ಮುಗೀತು. ಇನ್ನು ಹೆದರಿಕೆ ಯಾತಕ್ಕೆ? ದಡ್ಡನಾಗಿರೋದು ಎಂಥ ಸುಖ ಅಂತೀರಿ! ನಾನು ಬರೋದು ಈಜು ಬರಲಿ ಅಂತ ಅಲ್ಲ. ಮೊದಲು ಹಾಗಿತ್ತೇನೋ. ಈಗ ನೀರು ಅಂದ್ರೆ ಇಷ್ಟ, ಅದಕ್ಕೆ ಬರ್ತೀನಿ. ನೀರಿಗೆ ನಾನು ಇಷ್ಟವೋ ಇಲ್ವೋ, ಅದು ಅದರ ತಲೆನೋವು." ಅಷ್ಟು ಹೇಳಿ ಎದ್ದು, ಒದ್ದೆ ಕಾಲಿನಲ್ಲಿ ಪಚಪಚ ಸದ್ದು ಮಾಡುತ್ತ, ಶಾಲೆ ಬಿಟ್ಟ ಹುಡುಗನ ಹಾಗೆ ಕೈ ಬೀಸುತ್ತ ಬಟ್ಟೆ ಬದಲಿಸುವ ಕೋಣೆಯ ಕಡೆ ಹೋದರು. ಇವಳು ಕೂತೇ ಇದ್ದಳು. ಮುಂದಿನ ಬ್ಯಾಚಿನವರು ಬಂದು ಹೆಸರು ಕೂಗಿದಾಗಲೇ ಎದ್ದದ್ದು. ಏನೋ ಒಂದು ಹಗುರವಾದ ಕಿರಿಕಿರಿ, ಹಲ್ಲಿನ ಸಂದಿಯಲ್ಲಿ ಎಳ್ಳು ಸಿಕ್ಕಿಕೊಂಡಂತೆ, ಮಧ್ಯಾಹ್ನದವರೆಗೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ದಡ್ಡನಾಗಿರುವುದು ಸುಖವಂತೆ. ತಾನು ದಡ್ಡಿಯಾಗಿ ಎಷ್ಟು ಕಾಲವಾಯಿತು? ಆರು ವರ್ಷದವಳಿದ್ದಾಗ ಈಜು ಬಂತು, ಅಲ್ಲಿಂದ ನೀರಿನಲ್ಲಿ ಇವಳಿಗೆ ಸೋಲಿಲ್ಲ. ದೇವರ ಮುಂದೆಯೂ ಅದೇ ಠೀವಿಯಲ್ಲಿ ಕೂತಿದ್ದಳೇನೋ. ಇಷ್ಟು ಮಾಲೆಗೆ ಇಷ್ಟು ಶಾಂತಿ, ಇಷ್ಟು ದಿನಕ್ಕೆ ಇಂಥ ಅನುಭವ, ಬರದಿದ್ದರೆ ಎಲ್ಲೋ ತಪ್ಪಿದೆ ಎಂದು ತನ್ನ ಮೇಲೆಯೇ ಕೋಚಿನ ಸೀಟಿ ಊದಿಕೊಂಡು.

ಮನೆಗೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಯಿದೆ. ಇವಳು ಯಾವಾಗಲೂ ಅದರ ಎದುರಿನ ಫುಟ್‌ಪಾತಿನಲ್ಲಿ ಮುಖ ಬೇರೆ ಕಡೆ ಮಾಡಿಕೊಂಡು ಹೋಗುವುದು. ಅಂಗಡಿಯಾಕೆ ಭಜನೆಗೆ ಬರುವವಳು. ಕಣ್ಣಿಗೆ ಹಾಕುವ ಹನಿ ಬೇಕಾದಾಗಲೆಲ್ಲ ಇವಳು ಎರಡು ಬೀದಿ ಆಚೆಗಿನ ಅಂಗಡಿಗೆ ಹೋಗುತ್ತಿದ್ದಳು. ಭಕ್ತೆ ಕೆಂಪು ಕಣ್ಣಿಗೆ ಔಷಧಿ ಕೊಳ್ಳುವುದನ್ನು ಈಕೆ ನೋಡಬಾರದಲ್ಲ. ಹಾಗೆ ಸುತ್ತು ಹಾಕಿ ಹೋಗುವಾಗಲೆಲ್ಲ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಇವತ್ತು ಯೋಚನೆಯಲ್ಲಿ ರಸ್ತೆ ದಾಟುವುದನ್ನು ಮರೆತಳು. ಅಂಗಡಿಯಾಕೆ ಒಳಗಿನಿಂದಲೇ ಕೈ ಮುಗಿದಳು. "ಸಂಜೆಗೆ ಕಾಯ್ತಾ ಇದೀವಿ. ನಮ್ಮ ಮಗಳನ್ನೂ ಕರ್ಕೊಂಡು ಬರ್ತೀನಿ, ಪರೀಕ್ಷೆ ಇದೆ, ನೀವು ಒಂದ್ಸಲ ತಲೆ ಮೇಲೆ ಕೈ ಇಡಿ." ಇವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. "ನನ್ನ ಕೈ ಯಾಕೆ, ಓದ್ಕೊಂಡ್ರೆ ಸಾಕು" ಎಂದು ಏನೋ ತೊದಲಿದಳು. ಆಕೆ, "ನೋಡಿ, ಎಷ್ಟು ವಿನಯ" ಎಂದು ಕೌಂಟರಿನ ಮುಂದೆ ನಿಂತಿದ್ದ ಗಿರಾಕಿಗೆ ಹೇಳಿದಳು. ಗಿರಾಕಿಯೂ ಕೈ ಮುಗಿದ.

ಸಂಜೆ ಮಹಡಿಯ ಕೋಣೆ ತುಂಬಿತ್ತು. ಕುರ್ಚಿಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿತ್ತು. ಅತ್ತೆ ಎಂದಿನ ಜಾಗದಲ್ಲಿ, ಕಿಟಕಿಯ ಪಕ್ಕ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವರು ಭಜನೆಯಲ್ಲಿ ಹಾಡುವುದಿಲ್ಲ, ಅಳುವುದಿಲ್ಲ, ತಲೆದೂಗುವುದೂ ಇಲ್ಲ. ಪರೀಕ್ಷೆಯ ಮೇಲ್ವಿಚಾರಕರಂತೆ ಎಲ್ಲರನ್ನೂ ನೋಡುತ್ತಾರೆ. ಅಕ್ಕ ಹಾಡಿದಳು. ಎರಡನೆಯ ಸಾಲಿಗೇ ಅವಳ ಕೆನ್ನೆ ಒದ್ದೆಯಾಯಿತು, ಧ್ವನಿ ಮಾತ್ರ ನಡುಗಲಿಲ್ಲ. ಎಂಥ ದೊಡ್ಡ ಧ್ವನಿ ಅವಳದು, ಎಲ್ಲರೂ ಅದರೊಳಗೆ ಹತ್ತಿ ಕೂತು ಹೋಗಬಹುದಾದ ಬಸ್ಸಿನ ಹಾಗೆ. ಇವಳಿಗೆ ಯಾವತ್ತಿನ ಅಸೂಯೆ ಚುಚ್ಚಿತು. ಹಾಡು ಮುಗಿಯಿತು, ಎಲ್ಲರೂ ಇವಳ ಕಡೆ ತಿರುಗಿದರು.

ಇವಳು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತುಗಳಿದ್ದವು. ಮನಸ್ಸು ಒಂದು ತೋಟ, ಜಪ ಒಂದು ನೀರು, ಇತ್ಯಾದಿ. ಮೊದಲ ವಾಕ್ಯ ಹೇಳಿದಳು. ಎರಡನೆಯದನ್ನೂ ಹೇಳಿದಳು. ತೋಟ, ನೀರು. ಎಲ್ಲರೂ ತಲೆದೂಗಿದರು. ಹೊಸದಾಗಿ ಸೇರಿದ್ದ ನರ್ಸು, ಡ್ಯೂಟಿ ಮುಗಿಸಿ ನೇರ ಬಂದವಳು, ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೇಳುತ್ತಿದ್ದವಳು, ಅರ್ಧದಲ್ಲೇ ಕೈಯೆತ್ತಿದಳು. "ಮೇಡಂ, ತಪ್ಪು ತಿಳ್ಕೋಬೇಡಿ. ನಾನು ದಿನಾ ಕೂರ್ತೀನಿ. ನನಗೆ ಏನೂ ಆಗಲ್ಲ. ನಿದ್ದೆ ಬರತ್ತೆ, ಇಲ್ಲಾಂದ್ರೆ ವಾರ್ಡು ನೆನಪಾಗತ್ತೆ. ನಿಮಗೆ ಹಾಗೆ ಕಣ್ಣೀರು ಬಂತಂತಲ್ಲ, ಅದು ಹೇಗೆ ಬರತ್ತೆ? ನನ್ನಲ್ಲೇನಾದ್ರೂ ಕೊರತೆ ಇದೆಯಾ?"

ಆ ಹುಡುಗಿಯ ಮುಖದಲ್ಲಿ ಇವಳಿಗೆ ಕಂಡದ್ದು ತನ್ನದೇ ಮುಖ. ಗೋಡೆ ನೋಡುತ್ತ ಕೂತ ಮುಖ. ಬಾಯಿ ತೆರೆದಳು. ತೋಟವೂ ಇರಲಿಲ್ಲ, ನೀರೂ ಇರಲಿಲ್ಲ.

"ಕ್ಲೋರಿನ್" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಯಾವುದೋ ಸಂಸ್ಕೃತ ಪದವಿರಬೇಕೆಂದು ಅಂಗಡಿಯಾಕೆ ಭಕ್ತಿಯಿಂದ ಕಣ್ಣು ಮುಚ್ಚಿದಳು.

"ಕ್ಲೋರಿನ್ ಅಮ್ಮ. ಕೊಳಕ್ಕೆ ಹಾಕ್ತಾರಲ್ಲ, ಅದು. ಅವತ್ತು ಜಾಸ್ತಿ ಬಿದ್ದಿತ್ತು. ನನ್ನ ಕಣ್ಣು ಉರೀತಿತ್ತು, ಅದಕ್ಕೆ ನೀರು ಬಂತು. ಅಕ್ಕ ಭಕ್ತಿ ಅಂದ್ರು. ನಾನು ಅಲ್ಲ ಅನ್ಲಿಲ್ಲ. ಅಲ್ಲಿಂದ ಇಲ್ಲಿವರೆಗೂ ಅನ್ಲಿಲ್ಲ. ನಾನು ಜಪ ಮಾಡಿ ತಿಂಗಳ ಮೇಲಾಯ್ತು. ದೀಪ ಹಚ್ಚಿ ಗೋಡೆ ನೋಡ್ತೀನಿ."

ಇವಳು ಯಾರ ಮುಖವನ್ನೂ ನೋಡಲಾರದೆ ಚಾಪೆಯ ಅಂಚನ್ನು ನೋಡುತ್ತಿದ್ದಳು. ಆಗ ಕಿಟಕಿಯ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಹಳೆಯ ಬಾಗಿಲಿನ ಕೀಲು ಕಿರುಗುಟ್ಟಿದಂತೆ. ತಲೆಯೆತ್ತಿ ನೋಡಿದರೆ ಅತ್ತೆ. ಅತ್ತೆ ನಗುತ್ತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ಭುಜ ಕುಣಿಯುತ್ತಿತ್ತು.

"ನನಗೆ ಅವತ್ತೇ ಅನುಮಾನ ಇತ್ತು" ಎಂದರು ಅತ್ತೆ, ಉಸಿರು ಹಿಡಿದು. "ಅಳು ಅಂದ್ಮೇಲೆ ಮೂಗೂ ಸೋರ್ಬೇಕು ತಾನೇ? ಇವಳ ಕಣ್ಣು ಎರಡೂ ನಲ್ಲಿ ಬಿಟ್ಟ ಹಾಗೆ ಸೋರ್ತಿದೆ, ಮೂಗು ಮಾತ್ರ ಖಡಕ್ಕಾಗಿ ಒಣಗಿದೆ! ಇದೆಂಥ ಭಕ್ತಿಯಪ್ಪಾ, ಮೂಗಿಗೆ ಇಳಿಯದೇ ಇರೋದು ಅಂತ ನಾನು ಯೋಚನೆ ಮಾಡಿದ್ದೇ ಮಾಡಿದ್ದು."

ಮೊದಲು ನಕ್ಕದ್ದು ನರ್ಸು. ಆಮೇಲೆ ಯಾರು ಶುರುಮಾಡಿದರು, ಯಾರು ನಿಲ್ಲಿಸಿದರು ಎಂಬುದೇ ಗೊತ್ತಾಗಲಿಲ್ಲ. ಅಂಗಡಿಯಾಕೆ ನಗುತ್ತ ನಗುತ್ತ, "ಅಯ್ಯೋ, ನನ್ನನ್ನ ಕೇಳಿದ್ರೆ ಒಳ್ಳೇ ಡ್ರಾಪ್ಸ್ ಕೊಡ್ತಿರ್ಲಿಲ್ವೇ" ಎಂದಳು. ಅದಕ್ಕೆ ಇನ್ನೊಂದು ಸುತ್ತು ನಗು. ಇವಳೂ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದಂತೆ. ನಗು ಇಳಿದ ಮೇಲೆ ನರ್ಸು ಬಿಡಲಿಲ್ಲ. "ಹಾಗಾದ್ರೆ ಉತ್ಸಾಹ ಉಳಿಸ್ಕೊಳ್ಳೋದು ಹೇಗೆ?" ಎಂದಳು. "ನನಗೆ ಗೊತ್ತಿಲ್ಲಮ್ಮ" ಎಂದಳು ಇವಳು. "ಆದ್ರೆ ನಮ್ಮ ಕೊಳಕ್ಕೆ ಒಬ್ಬರು ಮೇಷ್ಟ್ರು ಬರ್ತಾರೆ" ಎಂದು ಬೆಳಿಗ್ಗೆ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು. ನರ್ಸು ಗಲ್ಲದ ಕೆಳಗೆ ಕೈಯಿಟ್ಟುಕೊಂಡು, ಕಣ್ಣರಳಿಸಿ ಕೇಳಿದಳು. ಆಕಳಿಸಲಿಲ್ಲ. ಆಗಲೇ ಇವಳಿಗೆ ಗಮನಕ್ಕೆ ಬಂದದ್ದು, ಅಕ್ಕ ಕೂತಿದ್ದ ಜಾಗ ಖಾಲಿಯಾಗಿತ್ತು.

ಅಡುಗೆಮನೆಯಲ್ಲಿ ಅಕ್ಕ ಬಾಗಿಲಿಗೆ ಬೆನ್ನು ಮಾಡಿ ನೈವೇದ್ಯಕ್ಕೆ ಹಣ್ಣು ಹೆಚ್ಚುತ್ತಿದ್ದಳು. ಚಾಕು ಹಲಗೆಗೆ ಬೀಳುವ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

"ಅಕ್ಕ."

"ನಗ್ಲಿ. ಎಲ್ಲರೂ ನಗ್ಲಿ. ನಾನೊಬ್ಬಳು ಪೆದ್ದಿ ಸಿಕ್ಕಿದೀನಲ್ಲ."

"ತಪ್ಪಾಯ್ತು ಅಕ್ಕ."

"ನನ್ನ ತಂಗಿಗೆ ಫೋನ್ ಮಾಡಿ ಹೇಳಿದೀನಿ ಕಣೇ. ನನ್ನ ಬೀಗಿತ್ತಿಗೆ ಹೇಳಿದೀನಿ. ಆ ಬೀಗಿತ್ತಿ ಮೊದಲೇ ಎಂಥವಳು, ನಿನಗೆ ಗೊತ್ತಲ್ಲ. ಈಗ ನಾನು ಯಾವ ಮುಖ ಇಟ್ಕೊಂಡು ಕ್ಲೋರಿನ್ ಅಂತ ಹೇಳ್ಲಿ ಅವಳಿಗೆ?" ಅಕ್ಕ ತಿರುಗಿದಳು. ಕೆನ್ನೆ ಒದ್ದೆಯಾಗಿತ್ತು, ಮೂಗೂ ಸೋರುತ್ತಿತ್ತು. ಇವಳಿಗೆ ಅಂಥ ಹೊತ್ತಿನಲ್ಲೂ ಅತ್ತೆಯ ಮಾತು ನೆನಪಾಗಿ ತುಟಿ ಕಚ್ಚಿಕೊಳ್ಳಬೇಕಾಯಿತು. "ನಗ್ತೀಯ? ನಗು. ನಾನು ನಿನ್ನನ್ನ ಹೊಗಳಿದ್ದು ಯಾಕೆ ಗೊತ್ತಾ? ನೀನು ಭಜನೆಗೆ ಬರೋಕೆ ಮುಂಚೆ ಮನೆಯವರಲ್ಲಿ ಜಪಕ್ಕೆ ಕೂರೋಳು ನಾನೊಬ್ಬಳೇ, ಹಾಡೋಳು ನಾನೊಬ್ಬಳೇ. ಈ ಮನೇಲಿ ಯಾರು ಕೇಳ್ತಾರೆ? ಅತ್ತೆ ಇದಾರೆ, ಆದರೆ ಅತ್ತೆ ಮುಂದೆ ಹಾಡೋದೂ ಒಂದೇ, ಪೊಲೀಸ್ ಮುಂದೆ ಹಾಡೋದೂ ಒಂದೇ. ನೀನು ಬಂದೆ. ನನಗೆ ಹಬ್ಬ ಆಯ್ತು. ಆಮೇಲೆ ನಿನ್ನ ಮುಖದಲ್ಲಿ ಬೇಸರ ಕಂಡಿತು. ಬಿಟ್ಟುಬಿಡ್ತಾಳೆ ಇವಳು, ಮತ್ತೆ ನಾನೊಬ್ಬಳೇ ಅಂತ ದಿಗಿಲಾಯ್ತು. ಅವತ್ತು ಕಣ್ಣಲ್ಲಿ ನೀರು ನೋಡಿದ್ನಲ್ಲ, ನಾಲ್ಕು ಜನರ ಮುಂದೆ ಹೊಗಳಿದೆ. ಹೊಗಳಿದ್ರೆ ನಿಲ್ತಾಳೆ ಅಂತ."

ಇವಳು ಗೋಡೆಗೆ ಒರಗಿದಳು. ಇಷ್ಟು ದಿನ ತನ್ನ ಕತ್ತಿಗೆ ಬಿದ್ದ ಉರುಳು ಎಂದುಕೊಂಡದ್ದು ಇನ್ನೊಬ್ಬಳು ಮುಳುಗುತ್ತ ಹಿಡಿದುಕೊಂಡ ಹಗ್ಗವಾಗಿತ್ತೇ? ಅದನ್ನು ಹಾಗೆ ಹೇಳಲು ಬರಲಿಲ್ಲ. "ನಿಮಗೂ ಬೇಸರ ಆಗತ್ತಾ ಅಕ್ಕ? ಜಪ ಅಂದ್ರೆ?" ಎಂದು ಮಾತ್ರ ಕೇಳಿದಳು.

"ಆಗದೇ ಏನು? ನಾನೇನು ಕಲ್ಲಾ? ದಿನಾ ಅಡುಗೆ ಮಾಡೋಕೂ ಬೇಸರ ಆಗತ್ತೆ. ಹಾಗಂತ ಮನೆ ಮಂದಿನೆಲ್ಲ ಉಪವಾಸ ಕೆಡವ್ತೀವಾ?" ಅಕ್ಕ ಮೂಗು ಒರೆಸಿಕೊಂಡಳು. "ನಿಮ್ಮ ಭಾವನ ಮೇಲೆ ದಿನಾ ಪ್ರೀತಿ ಉಕ್ಕಿ ಬರತ್ತಾ ನನಗೆ? ಗೊರಕೆ ಹೊಡೆಯೋದು ನೋಡಿದ್ರೆ ದಿಂಬು ಒತ್ತಿಬಿಡ್ಲಾ ಅನ್ಸತ್ತೆ. ಆದ್ರೂ ಬೆಳಿಗ್ಗೆ ಕಾಫಿ ಕೊಡ್ತೀನಲ್ಲ. ಕೊಟ್ಟಾಗ ಒಂದೊಂದ್ಸಲ, ಏನೋ, ಚೆನ್ನಾಗೇ ಅನ್ಸತ್ತೆ."

"ಮತ್ತೆ ನಿಮ್ಮ ಕಣ್ಣೀರು?"

"ಅದು ನಿಜಾನೇ. ಆದ್ರೆ ನಾನು ಸಿನಿಮಾ ನೋಡಿದ್ರೂ ಅಳ್ತೀನಿ, ಯಾರದೋ ಮದುವೆ ಫೋಟೋ ನೋಡಿದ್ರೂ ಅಳ್ತೀನಿ. ನನ್ನ ಕಣ್ಣು ಇರೋದೇ ಹಾಗೆ. ಅದಕ್ಕೂ ಆ ಕೃಷ್ಣನಿಗೂ ಏನು ಸಂಬಂಧ ಅಂತ ಅವನನ್ನೇ ಕೇಳ್ಬೇಕು." ಎಂದವಳು ಒಂದು ಹಣ್ಣಿನ ಹೋಳನ್ನು ಇವಳ ಬಾಯಿಗೆ ತುರುಕಿ, ಆಮೇಲೆ ನೆನಪಾಗಿ, "ಅಯ್ಯೋ, ನೈವೇದ್ಯ ಆಗಿಲ್ಲ!" ಎಂದು ಹಣೆ ಬಡಿದುಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇವಳ ಕೆನ್ನೆ ಉಬ್ಬಿಕೊಂಡಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅಕ್ಕನಿಗೆ ಮೊದಲು ನಗು ಬಂತು. ಆಮೇಲೆ ಇಬ್ಬರೂ ಸಿಂಕಿನ ಅಂಚನ್ನು ಹಿಡಿದುಕೊಂಡು, ಸದ್ದು ಹೊರಗೆ ಹೋಗದಂತೆ, ಮದುವೆ ಮನೆಯಲ್ಲಿ ಲಾಡು ಕದ್ದು ಸಿಕ್ಕಿಬಿದ್ದ ಹುಡುಗಿಯರ ಹಾಗೆ ನಕ್ಕರು. "ನುಂಗು, ನುಂಗು" ಎಂದಳು ಅಕ್ಕ. "ಅವನೂ ಕದ್ದು ತಿಂದವನೇ ತಾನೇ."

ಮರುದಿನ ಬೆಳಗಿನ ಜಾವ ಮೆಟ್ಟಿಲು ಗುಡುಗಿತು. ಇವಳು ಬಾಗಿಲು ತೆಗೆದರೆ ಅಕ್ಕ, ಕೂದಲು ಗಂಟು ಹಾಕಿಕೊಂಡು, ಶಾಲು ಹೊದ್ದು, ಕೈಯಲ್ಲಿ ತನ್ನ ಮಾಲೆ ಹಿಡಿದು ನಿಂತಿದ್ದಳು. "ಇವತ್ತಿಂದ ಜೊತೆಗೆ ಕೂರೋಣ. ನೀನು ಗೋಡೆ ನೋಡಿದ್ರೆ ನಾನು ಚಿವುಟ್ತೀನಿ. ನಾನು ನೋಡಿದ್ರೆ ನೀನು ಚಿವುಟು" ಎಂದಳು. ಅಡುಗೆಮನೆಯ ಪಕ್ಕದ ಆ ಇಕ್ಕಟ್ಟು ಜಾಗದಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಇವಳು ದೀಪ ಹಚ್ಚಿದಳು. ಚೀಲದ ದಾರ ಗಂಟು ಬಿದ್ದಿತ್ತು. ಬಿಡಿಸಿ ಮಾಲೆ ತೆಗೆದಳು. ಮಣಿಗಳು ತಣ್ಣಗಿದ್ದವು. ಹೆಸರು ಹೇಳಿದಳು. ಏನೂ ಆಗಲಿಲ್ಲ. ಮತ್ತೆ ಹೇಳಿದಳು. ಹೊರಗೆ ಹಾಲಿನ ಗಾಡಿ ನಿಂತು ಹೋಯಿತು. ಗೀಸರ್ ನೆನಪಾಯಿತು, ಬಂದೆಯಾ, ಬಾ, ಕೂತ್ಕೋ ಎಂದು ಅದನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಹೆಸರು ಹೇಳಿದಳು. ಟವೆಲು ಬಂತು, ಎರಡನೇ ಬ್ಯಾಚಿನ ಹೆಂಗಸು ಬಂದಳು, ನಿನ್ನೆ ಕದ್ದು ತಿಂದ ಹಣ್ಣಿನ ಹುಳಿಯೂ ಬಂತು. ಜಾಗ ಸಾಕಷ್ಟಿತ್ತು. ಯಾರನ್ನೂ ಎಬ್ಬಿಸಿ ಕಳಿಸಬೇಕಾಗಿರಲಿಲ್ಲ. ಗೆಲ್ಲಬೇಕಾದ್ದೂ ಏನೂ ಇರಲಿಲ್ಲ. ಮೊದಲ ಮಣಿಗೇ ಸೋತಾಗಿತ್ತು, ಆ ಸೋಲಿನೊಳಗೆ ಬೆಚ್ಚಗಿತ್ತು.

ಸ್ವಲ್ಪ ಹೊತ್ತಿಗೆ ಪಕ್ಕದಿಂದ ಸಣ್ಣಗೆ, ಆಮೇಲೆ ಅಷ್ಟೇನೂ ಸಣ್ಣಗಲ್ಲದೆ, ಒಂದು ಸದ್ದು ಎದ್ದಿತು. ಅಕ್ಕ ಕೂತಲ್ಲೇ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಬಾಯಿ ಅರೆ ತೆರೆದಿತ್ತು, ಮಾಲೆ ಮಡಿಲಿಗೆ ಜಾರಿತ್ತು. ಒಪ್ಪಂದದ ಪ್ರಕಾರ ಚಿವುಟಬೇಕು. ಇವಳು ಕೈ ಚಾಚಿದಳು. ದೀಪದ ಬೆಳಕಿನಲ್ಲಿ ಅಕ್ಕನ ಮುಖ ಹಾಲು ಕುಡಿದು ಮಲಗಿದ ಕೂಸಿನಂತಿತ್ತು. ಭಾವನ ಗೊರಕೆಗೆ ದಿಂಬು ಒತ್ತಬೇಕೆನ್ನುವ ಹೆಂಗಸು ತಾನೇ ಇಷ್ಟು ಜೋರಾಗಿ! ಇವಳಿಗೆ ನಗು ಒತ್ತರಿಸಿ ಬಂತು. ತಡೆದುಕೊಂಡು, ಚಾಚಿದ ಕೈಯಿಂದ ಶಾಲನ್ನು ಸರಿಯಾಗಿ ಹೊದಿಸಿ, ಬಿದ್ದ ಮಾಲೆಯನ್ನು ಎತ್ತಿಕೊಂಡು, ಅಕ್ಕನ ಪಾಲಿನದನ್ನೂ ತಾನೇ ಹೇಳತೊಡಗಿದಳು.